ನೆಂಟನಿಗೆ ಮಾರದ ಕಾರು

ಹಳೆಯ ಕಾರನ್ನು ಮಾರಲು ಹೊರಟವನಿಗೆ ಬಲ್ಲವರಿಂದ ದೊರೆಯುವ ಮೊದಲ ಉಪದೇಶ ಇದು: "ಯಾರಿಗೆ ಬೇಕಾದರೂ ಕೊಡಿ, ನೆಂಟರಿಗೆ ಮಾತ್ರ ಕೊಡಬೇಡಿ." ಲೋಕಾನುಭವದ ಸಾರವೆಂದು ನಾವೆಲ್ಲ ಇದಕ್ಕೆ ತಲೆದೂಗುತ್ತೇವೆ. ಭಾವಮೈದುನನಿಗೆ ಕೊಟ್ಟ ಕಾರು ಮೂರನೆಯ ತಿಂಗಳಿಗೆ ಕೆಟ್ಟು ನಿಂತಿತೆಂದರೆ ಆ ವರ್ಷದ ಗೌರಿಹಬ್ಬದ ಊಟವೇ ಕೆಟ್ಟಿತು. ಹೆಂಡತಿಯ ತವರಿನಲ್ಲಿ ಮುಂದಿನ ಹತ್ತು ವರ್ಷ ಆ ಕಾರಿನ ಮಾತು ಬಂದಾಗಲೆಲ್ಲ ತಲೆ ತಗ್ಗಿಸಿ ಕೂಡಬೇಕು. ಅದೇ ಕಾರು ಊರಾಚೆಯ ಯಾವನೋ ಒಬ್ಬನ ಮನೆಯ ಮುಂದೆ ಕೆಟ್ಟು ನಿಂತರೆ? ನಿಂತರೆ ನಿಲ್ಲಲಿ. ಅವನ ಊಟದ ಮನೆ ನಮಗೆ ಕಾಣುವುದಿಲ್ಲ.

ಈ ಉಪದೇಶವನ್ನು ಬುಡಮೇಲು ಮಾಡಿ ನೋಡಿದರೆ ಅದರ ಅಡಿಯಲ್ಲಿ ಬೇರೆಯೇ ಒಂದು ಮಾತು ಅಂಟಿಕೊಂಡಿರುವುದು ಕಾಣುತ್ತದೆ. ಕಾರಿನಲ್ಲಿ ಏನೋ ಒಂದು ಇದೆ. ಅದು ನನಗೆ ಗೊತ್ತು. ನೆಂಟನಾದರೆ ಹೇಳಬೇಕಾಗುತ್ತದೆ, ಅನ್ಯನಾದರೆ ಹೇಳಬೇಕಾಗಿಲ್ಲ. ಹಾಗಿದ್ದರೆ ಸತ್ಯವೆಂಬುದು ನೆಂಟಸ್ತಿಕೆಯ ಒಂದು ಉಪಚಾರ ಮಾತ್ರವೆ, ಅರಿಸಿನ ಕುಂಕುಮದ ಹಾಗೆ ಮನೆಯವರಿಗಷ್ಟೆ ಕೊಡುವಂಥದೆ?

ಇದು ನಮ್ಮ ಬೀದಿಯ ಜಾಣತನವಷ್ಟೆ ಎಂದು ತಳ್ಳಿಹಾಕುವಂತಿಲ್ಲ. ಕಾನೂನೂ ಹೆಚ್ಚು ಕಡಮೆ ಹೀಗೆಯೇ ಮಾತನಾಡುತ್ತದೆ. 1872ರ ನಮ್ಮ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ವಂಚನೆಯೆಂದರೇನೆಂದು ವಿವರಿಸಿ ಕೆಲವು ನಿದರ್ಶನಗಳನ್ನು ಕೊಟ್ಟಿದ್ದಾರೆ. ಒಬ್ಬನು ಹರಾಜಿನಲ್ಲಿ ಕುದುರೆ ಮಾರುತ್ತಾನೆ. ಕುದುರೆಯಲ್ಲಿ ಐಬು ಇದೆಯೆಂದು ಅವನಿಗೆ ತಿಳಿದಿದೆ. ಕೊಳ್ಳುವವನಿಗೆ ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಅವನ ಸ್ವಂತ ಮಗಳು, ಈಗತಾನೆ ವಯಸ್ಸಿಗೆ ಬಂದವಳು ಎಂದಿಟ್ಟುಕೊಳ್ಳಿ. ಆಗ ಆ ಸಂಬಂಧದ ದೆಸೆಯಿಂದ ತಂದೆ ಬಾಯಿ ಬಿಡಲೇಬೇಕು. ಮೂರನೆಯ ನಿದರ್ಶನ ಇನ್ನೂ ಸೊಗಸಾಗಿದೆ. "ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ" ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ಕುದುರೆಗಾಡಿಗಳು ಹೋಗಿ ಕಾರು ಬಂದವು; ಆದರೆ ಕಾಯಿದೆಯ ಆ ಕುದುರೆ ಇನ್ನೂ ಅಲ್ಲೇ ನಿಂತಿದೆ. ಮುಂದೆ 1930ರ ಸರಕು ಮಾರಾಟದ ಕಾಯಿದೆ ಬಂದಾಗಲೂ ಮೂಲಸೂತ್ರ ಬದಲಾಗಲಿಲ್ಲ: ಕೆಲವು ಅಪವಾದಗಳುಂಟಾದರೂ, ಕೊಳ್ಳುವವನೇ ಕಣ್ಣು ತೆರೆದು ಕೊಳ್ಳಬೇಕು.

ಪ್ರಶ್ನೆ ಹೊಸದೇನೂ ಅಲ್ಲ. ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳ ಮೇಲೆ ಬರೆದ ಪುಸ್ತಕದಲ್ಲಿ ಇದನ್ನೇ ಚರ್ಚಿಸುತ್ತಾನೆ. ಕ್ಷಾಮಕ್ಕೆ ತುತ್ತಾದ ರೋಡ್ಸ್ ದ್ವೀಪಕ್ಕೆ ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಧಾನ್ಯ ತಂದಿದ್ದಾನೆ. ಹಿಂದೆಯೇ ಧಾನ್ಯ ತುಂಬಿದ ಬೇರೆ ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಕಣ್ಣಾರೆ ನೋಡಿದ್ದಾನೆ. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೆ? ಬ್ಯಾಬಿಲೋನಿನ ಡಯೋಜಿನಿಸ್ ಎಂಬ ಪಂಡಿತ ಬೇಕಾಗಿಲ್ಲವೆಂದ. ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂಬುದು ಅವನ ವಾದ. ಅವನ ಶಿಷ್ಯ ಆಂಟಿಪೇಟರ್ ಹೇಳಲೇಬೇಕೆಂದ. ಮನುಷ್ಯರೆಲ್ಲರ ಹಿತ ಒಂದಕ್ಕೊಂದು ಹೆಣೆದುಕೊಂಡಿರುವಾಗ ನೆರೆಯವನಿಗೆ ಬೇಕಾದ ತಿಳಿವನ್ನು ತಡೆಹಿಡಿಯಲು ನೀನಾರು ಎಂದು ಕೇಳಿದ. ಸಿಸೆರೋ ಶಿಷ್ಯನ ಕಡೆಗೇ ವಾಲುತ್ತಾನೆ. ಆದರೆ ಗುರುವಿನ ಮಾತನ್ನು ತೀರ ಹಗುರವಾಗಿ ಕಾಣಲು ನನಗೆ ಮನಸ್ಸು ಬರುವುದಿಲ್ಲ. ಮಾರುವುದೆಂದರೆ ಪಾಪನಿವೇದನೆಯಲ್ಲ. ಮಾರುವವನಿಗೂ ಹೊಟ್ಟೆಯುಂಟು, ಅವನೂ ಮಕ್ಕಳ ಶುಲ್ಕ ಕಟ್ಟಬೇಕು.

ನಮ್ಮ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯನ್ನು ಕಂಡವರಿಗೆ ಡಯೋಜಿನಿಸ್ ಏನು ಹೇಳುತ್ತಿದ್ದಾನೆಂಬುದು ಬೇಗ ಅರ್ಥವಾಗುತ್ತದೆ. ಅಲ್ಲಿ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ: ಎರಡು ಹಲ್ಲಿನದೊ, ನಾಲ್ಕು ಹಲ್ಲಿನದೊ, ಬಾಯಿಗೂಡಿದ್ದೊ. ಬಾಲ ಹಿಡಿದು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ಟವಲಿನ ಮರೆಯಲ್ಲಿ ದಲ್ಲಾಳಿಯ ಬೆರಳುಗಳು ಬೆಲೆ ಮಾತನಾಡುತ್ತವೆ. ಅಲ್ಲಿ ಮುಚ್ಚಿಟ್ಟಿರುವುದು ಬೆಲೆಯೊಂದೇ. ಎತ್ತು ಬಯಲಿನಲ್ಲಿ ನಿಂತಿದೆ. ಕೊಳ್ಳುವವನೂ ಮಾರುವವನಷ್ಟೇ ದನ ಬಲ್ಲವನು. ಇಬ್ಬರೂ ಸಮಬಲರಾದಲ್ಲಿ ಮೌನ ಆಟದ ಒಂದು ನಿಯಮವಾಗಬಹುದು.

ಕಾರು ಹಾಗಲ್ಲ. ಅದರ ಹಲ್ಲು ಗಾಜಿನ ಹಿಂದೆ ಅಂಕಿಗಳಾಗಿ ಕುಳಿತಿದೆ, ಆ ಅಂಕಿಯನ್ನು ಹಿಂದಕ್ಕೆ ತಿರುಗಿಸುವ ಕುಶಲಕರ್ಮಿಗಳು ನಮ್ಮಲ್ಲಿದ್ದಾರೆ. ನೆಗ್ಗಿದ ಬಾಗಿಲನ್ನು ಟಿಂಕರನು ತಟ್ಟಿ ಸರಿಮಾಡಿ ಬಣ್ಣ ಬಳಿದರೆ ಬೆರಳಿಗೂ ತಿಳಿಯುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ಕಾರುಗಳು ನಿಂತಲ್ಲೇ ನೀರಿನಲ್ಲಿ ಮುಳುಗಿದ್ದನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿದೆವು. ಮುಳುಗಿದ ಕಾರನ್ನು ಒಣಗಿಸಿ, ಹಾಸು ಬದಲಾಯಿಸಿ, ಊದುಬತ್ತಿ ಹಚ್ಚಿ ನಿಲ್ಲಿಸಿದರೆ ಮೂಗಿಗೂ ಮೋಸವಾಗುತ್ತದೆ. ತಂತಿಗಳ ಒಳಗಿನ ತುಕ್ಕು ಮಾತ್ರ ನಿಧಾನವಾಗಿ ತನ್ನ ಕೆಲಸ ಮಾಡುತ್ತಿರುತ್ತದೆ. ಒಬ್ಬನಿಗೆ ಎಲ್ಲ ಗೊತ್ತು, ಇನ್ನೊಬ್ಬನಿಗೆ ಏನೂ ಗೊತ್ತಿಲ್ಲ ಎನ್ನುವ ಕಡೆ ಮೌನ ನಿಯಮವಾಗಿ ಉಳಿಯುವುದಿಲ್ಲ, ಆಯುಧವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಸಣ್ಣ ಕಾರನ್ನು ಮಾರಬೇಕಾಯಿತು. ಊರೊಳಗೆ, ಬಯಲು ಸೀಮೆಯ ರಸ್ತೆಯಲ್ಲಿ ಅದು ಹಸುವಿನಂಥ ಕಾರು. ಘಟ್ಟ ಹತ್ತುವಾಗ ಮಾತ್ರ ಎಂಜಿನ್ನು ಕಾದು ಸೂಜಿ ಮೇಲಕ್ಕೇರುತ್ತಿತ್ತು. ಹೆಡ್ ಗ್ಯಾಸ್ಕೆಟ್ಟಿನ ದೋಷವೆಂದು ಗ್ಯಾರೇಜಿನವರು ಹೇಳಿದ್ದರು. ನೋಡಲು ಬಂದ ತರುಣ ಕಾಲೇಜಿನ ಸುತ್ತ ಒಂದು ಸುತ್ತು ಓಡಿಸಿ ಬಂದು ಸಂತೋಷಪಟ್ಟ. ಘಟ್ಟದ ಸಂಗತಿ ಹೇಳಿದೆ. ಧರ್ಮಬುದ್ಧಿಯಿಂದ ಹೇಳಿದೆನೋ, ಯಾವ ಅಪರಾತ್ರಿಯಲ್ಲಿ ಶಿರಾಡಿಯ ತಿರುವಿನಿಂದ ಫೋನು ಬಂದೀತೋ ಎಂಬ ಅಂಜಿಕೆಯಿಂದ ಹೇಳಿದೆನೋ, ಅದರ ವಿಚಾರ ಬೇಡ. ತರುಣನ ಮುಖ ಬಾಡಿತು. "ನೋಡಿ ಹೇಳ್ತೀನಿ ಸಾರ್" ಎಂದು ಹೊರಟುಹೋದ. ಜೊತೆಗಿದ್ದ ದಲ್ಲಾಳಿ ನನ್ನನ್ನು ಕನಿಕರದಿಂದ ನೋಡಿ ಹೇಳಿದ: "ಏನ್ ಮೇಷ್ಟ್ರೆ ನೀವು! ಕೇಳ್ದೆ ಇದ್ದೋರಿಗೆ ಒಂದು ಹೇಳಿದ್ರೆ, ಹೇಳ್ದೆ ಇರೋದು ಇನ್ನೂ ಹತ್ತಿದೆ ಅನ್ಕೋತಾರೆ."

ಅವನ ಮಾತು ಅಕ್ಷರಶಃ ಸತ್ಯ. ಅವನಿಗೆ ತಿಳಿಯದೆ ಅವನು ಹೇಳಿದ್ದು ದೊಡ್ಡ ಅರ್ಥಶಾಸ್ತ್ರ. ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಪ್ರಕಟಿಸಿದರು. ಮೂರು ಪತ್ರಿಕೆಗಳು ಹಿಂತಿರುಗಿಸಿದ ಆ ಲೇಖನದ ವಿಚಾರಗಳಿಗೆ 2001ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು. ಅಲ್ಲಿ ಕೆಟ್ಟ ಕಾರಿಗೆ 'ಲೆಮನ್' ಎನ್ನುತ್ತಾರೆ. (ನಾವು ಹೊಸ ಕಾರಿನ ಗಾಲಿಗೆ ನಿಂಬೆಹಣ್ಣು ಕೊಟ್ಟು ಹಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.) ಅವರ ವಾದ ಸರಳ. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದು. ಆದ್ದರಿಂದ ಎಲ್ಲಕ್ಕೂ ನಡುವಣ ಬೆಲೆ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪದೆ ಸಂತೆಯಿಂದ ಹೊರಟುಹೋಗುತ್ತಾನೆ. ಉಳಿದವುಗಳಲ್ಲಿ ಕೆಟ್ಟವೇ ಹೆಚ್ಚಾಗಿ ಬೆಲೆ ಇನ್ನೂ ಇಳಿಯುತ್ತದೆ. ಹೀಗೆ ಸುಳ್ಳು ತನ್ನ ಪಕ್ಕದಲ್ಲಿ ನಿಂತ ನಿಜವನ್ನು ತಾನೇ ಹೊರಗಟ್ಟುತ್ತದೆ.

ಇಲ್ಲಿಗೆ ನಮ್ಮ ಪ್ರಶ್ನೆ ಒಂದಿಷ್ಟು ಬಿಗಿಯಾಯಿತು. ನಿಜ ಹೇಳಿದರೆ ನಷ್ಟವೆಂಬುದು ಹಳೆಯ ಮಾತು. ಹರಿಶ್ಚಂದ್ರನ ಕಥೆ ಕೇಳಿ ಬೆಳೆದ ನಮಗೆ ಅದರಿಂದ ಆಶ್ಚರ್ಯವಿಲ್ಲ. ಆದರೆ ಹರಿಶ್ಚಂದ್ರನ ಮಾತನ್ನು ಕಾಶಿಯ ಜನ ನಂಬಿದರು. ಹೇಳಿದ ನಿಜವನ್ನು ಇನ್ನೂ ದೊಡ್ಡ ಸುಳ್ಳಿನ ಮುಸುಕೆಂದು ಕೇಳುವವನು ತಿಳಿಯುವಾಗ, ಹೇಳಿದ್ದರಿಂದ ಯಾರಿಗೆ ಏನು ಉಪಕಾರವಾಯಿತು? ಆ ತರುಣ ನನ್ನ ಕಾರನ್ನು ಬಿಟ್ಟು, ಬಾಯಿ ಬಿಡದ ಇನ್ನೊಬ್ಬನ ಕಾರನ್ನು ಕೊಂಡಿರಬಹುದು. ಅದಕ್ಕೆ ನನ್ನದಕ್ಕಿಂತ ದೊಡ್ಡ ರೋಗವಿದ್ದಿರಬಹುದು.

ಈ ತೊಡಕಿಗೆ ನನಗೆ ತೋರುವ ಉತ್ತರ ಮಹಾಭಾರತದ ಶಾಂತಿಪರ್ವದಲ್ಲಿದೆ. ಜಾಜಲಿ ಎಂಬ ತಪಸ್ವಿ ಅಲ್ಲಾಡದೆ ನಿಂತು, ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡಿ ಹಾರಿಹೋಗುವವರೆಗೂ ತಪಸ್ಸು ಮಾಡಿದ. ತನ್ನ ಸಮಾನರಿಲ್ಲವೆಂದು ಬೀಗಿದಾಗ, ವಾರಾಣಸಿಯ ತುಲಾಧಾರನಿಗೆ ನೀನು ಸಾಟಿಯಲ್ಲವೆಂಬ ಮಾತು ಕೇಳಿಸಿತು. ಹುಡುಕಿಕೊಂಡು ಹೋದರೆ ತುಲಾಧಾರ ಅಂಗಡಿಯಲ್ಲಿ ಕುಳಿತು ಬೇರು, ಗಂಧ, ರಸಗಳನ್ನು ತೂಗುತ್ತಿದ್ದಾನೆ. ಅವನು ಹೇಳಿದ್ದು ಇಷ್ಟೆ: ನನ್ನ ತಕ್ಕಡಿ ಎಲ್ಲ ಜೀವಗಳಿಗೂ ಒಂದೇ ಸಮನಾಗಿ ನಿಲ್ಲುತ್ತದೆ. ಅವನು ಗಿರಾಕಿಗಳ ಮುಂದೆ ತನ್ನ ಸರಕಿನ ಐಬುಗಳನ್ನು ಪಟ್ಟಿಮಾಡಿ ಓದುತ್ತಿದ್ದನೆಂದು ಕಥೆ ಹೇಳುವುದಿಲ್ಲ. ಅವನ ಸತ್ಯ ನಾಲಗೆಯಲ್ಲಿರಲಿಲ್ಲ, ತಕ್ಕಡಿಯಲ್ಲಿತ್ತು. ಕಾರಿನ ವ್ಯಾಪಾರದಲ್ಲಿ ತಕ್ಕಡಿಯೆಂದರೆ ಬೆಲೆ. ವಿಮೆಯವರ ಕೋಷ್ಟಕದಲ್ಲಿ ಆರು ತಿಂಗಳೊಳಗಿನ ಕಾರಿಗೆ ನೂರಕ್ಕೆ 5, ವರ್ಷದೊಳಗೆ 15, ನಾಲ್ಕು ಕಳೆದು ಐದರೊಳಗಿನ ಕಾರಿಗೆ 50 ಎಂದು ಸವಕಳಿಯನ್ನು ಕಳೆಯುತ್ತಾರೆ. ಅದು ಕಾಲದ ಸವಕಳಿ, ಎಲ್ಲರಿಗೂ ತಿಳಿದದ್ದು. ನನಗೊಬ್ಬನಿಗೇ ತಿಳಿದ ಸವಕಳಿಯನ್ನು ನಾನೇ ಕಳೆಯಬೇಕು, ಕಳೆದದ್ದು ಏಕೆಂದು ಹೇಳಬೇಕು. ಗ್ಯಾಸ್ಕೆಟ್ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ, ಗ್ಯಾರೇಜಿನ ಚೀಟಿಯನ್ನೂ ಮುಂದಿಟ್ಟರೆ ಮಾತಿಗೆ ಹಣದ ಸಾಕ್ಷಿ ಬರುತ್ತದೆ. ಬರಿಯ ನಿಜವನ್ನು ನಂಬದವನು ಖರ್ಚುಮಾಡಿ ಹೇಳಿದ ನಿಜವನ್ನು ನಂಬುತ್ತಾನೆ. ಎರಡನೆಯ ಸಲ ಬಂದವನೊಡನೆ ನಾನು ಹಾಗೆಯೇ ಮಾಡಿದೆ, ಕಾರು ಹೋಯಿತು.

ಸಂಬಳದ ಮೇಷ್ಟರಿಗೆ ಇದು ಸುಲಭ, ಕಂತು ಕಟ್ಟಲಾರದೆ ಕಾರು ಮಾರುವ ಟ್ಯಾಕ್ಸಿಯವನಿಗೆ ಸುಲಭವೇ ಎಂದು ಓದುಗರು ಕೇಳಬಹುದು. ಸುಲಭವಲ್ಲ. ಆದರೆ ಅವನ ಕಾರನ್ನು ಕೊಳ್ಳುವವನೂ ಬಹುಮಟ್ಟಿಗೆ ಅವನಂಥ ಇನ್ನೊಬ್ಬ ಟ್ಯಾಕ್ಸಿಯವನೇ. ಒಬ್ಬ ಬಡವನ ಕಷ್ಟವನ್ನು ಇನ್ನೊಬ್ಬ ಬಡವನ ಅಜ್ಞಾನದಿಂದ ತೀರಿಸುವುದಕ್ಕೆ ಬಡತನದ ಹೆಸರು ಸಾಲದು.

ಇನ್ನೊಂದು ಸೂಕ್ಷ್ಮವನ್ನು ಕಾಯಿದೆಯಾಗಲಿ ಸಿಸೆರೋ ಆಗಲಿ ಅಷ್ಟಾಗಿ ಗಮನಿಸಿಲ್ಲವೆಂದು ತೋರುತ್ತದೆ. ದೋಷ ಇರುವುದು ಕಾರಿನಲ್ಲೋ, ಕೊಳ್ಳುವವನ ದಾರಿಯಲ್ಲೋ? ನನ್ನ ಕಾರು ತಿಪಟೂರಿನವನಿಗೆ ನಿರ್ದೋಷಿ. ತಿಂಗಳಿಗೊಮ್ಮೆ ತಾಯಿಯನ್ನು ಕೂರಿಸಿಕೊಂಡು ಸುಬ್ರಹ್ಮಣ್ಯಕ್ಕೆ ಇಳಿದು ಹತ್ತುವ ಸಕಲೇಶಪುರದವನಿಗೆ ಅದು ಅಪಾಯ. ಹೀಗಾಗಿ ಐಬುಗಳ ಪಟ್ಟಿ ಒಪ್ಪಿಸಿ ಕೈತೊಳೆದುಕೊಂಡರೆ ಕರ್ತವ್ಯ ಮುಗಿಯುವುದಿಲ್ಲ, "ತಾವು ಯಾವ ಕಡೆ ಓಡಿಸುತ್ತೀರಿ?" ಎಂದು ಕೇಳಬೇಕು. ಹಾಗೆ ಕೇಳಿದ ಗಳಿಗೆಯಲ್ಲೇ ಅವನು ಅನ್ಯನಾಗಿ ಉಳಿಯುವುದಿಲ್ಲ. ಅವನ ತಾಯಿಯ ಮಂಡಿನೋವು, ಮಕ್ಕಳ ಶಾಲೆ ಎಲ್ಲ ನಮಗೆ ತಿಳಿದುಹೋಗುತ್ತದೆ. ದಲ್ಲಾಳಿಗಳು ಈ ಪ್ರಶ್ನೆಯನ್ನು ಕೇಳದಿರುವುದು ಮರೆವಿನಿಂದಲ್ಲ.

ಮಾರಿದ ಮೇಲೆ ಎಲ್ಲ ಮುಗಿಯಿತೆಂದು ತಿಳಿಯುವವರಿಗೆ ಕಾನೂನು ಇನ್ನೊಂದು ಪಾಠ ಇಟ್ಟಿದೆ, ಅಲ್ಲಿ ಮಾತ್ರ ಅದು ನೀತಿಗಿಂತ ನಿಷ್ಠುರ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಡೆಯನೆಂದರೆ ರಿಜಿಸ್ಟರಿನಲ್ಲಿ ಹೆಸರಿರುವವನು. ಸಾಲದ ಅಡಮಾನದಲ್ಲಿದ್ದರೆ ಆ ಕರಾರಿನಂತೆ ವಾಹನ ಯಾರ ವಶದಲ್ಲಿದೆಯೋ ಅವನು. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. 29, 30 ಎಂಬ ನಂಬರಿನ ಫಾರಮುಗಳಿಗೆ ಬರಿದೆ ರುಜು ಹಾಕಿ, ಹಣ ಎಣಿಸಿಕೊಂಡು, ಬೀಗದಕೈ ಕೊಟ್ಟು ಮರೆಯುವವರೇ ನಮ್ಮಲ್ಲಿ ಹೆಚ್ಚು. ಅಂಥದೊಂದು ಕಾರು ಕೈಯಿಂದ ಕೈಗೆ ಹಲವು ಸಲ ದಾಟಿ, 2009ರಲ್ಲಿ ಅಪಘಾತಕ್ಕೆ ಸಿಕ್ಕಿ ಒಂದು ಜೀವ ಹೋಯಿತು. ರಿಜಿಸ್ಟರಿನಲ್ಲಿ ಮಾತ್ರ ಮೊದಲು ಮಾರಿದವನ ಹೆಸರೇ ಇತ್ತು. ಪರಿಹಾರದ ಹೊಣೆ ಅವನದೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಾರು ಎಲ್ಲಿದೆಯೆಂದು ತಿಳಿಯದವನು ಅದರ ಪಾಪಕ್ಕೆ ಒಡೆಯ! ಅನ್ಯಾಯವೆನಿಸಬಹುದು. ಗಾಯಗೊಂಡವರು ನಾಲ್ಕೈದು ಮಂದಿ ಮಾರಾಟಗಾರರ ಬೆನ್ನು ಹತ್ತಿ ಊರೂರು ಅಲೆಯಬೇಕೆ ಎಂದು ಕೇಳಿಕೊಂಡರೆ ಹಾಗೆನಿಸುವುದಿಲ್ಲ.

ಬಾಡಿಗೆಯ ಕಾರಿನ ಮಾತು ಒಂದಿಷ್ಟು ಉಳಿಯಿತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಕಾರನ್ನು ದಿನದ ಲೆಕ್ಕದಲ್ಲಿ ತಂದು ತಾವೇ ಓಡಿಸುವವರು ಈಗ ಬಹಳ. ಬಾಡಿಗೆ ಎತ್ತನ್ನು ಬಡಿದು ಹೂಡುವವನ ಮಾತು ಹಳ್ಳಿಗಳಲ್ಲಿ ಹಿಂದಿನಿಂದಲೂ ಉಂಟು. ಗುಂಡಿಯ ರಸ್ತೆಯಲ್ಲಿ ಆ ಕಾರುಗಳು ಹಾರುವುದನ್ನು ನೋಡಿದರೆ ಎತ್ತಾದರೂ ಒದೆಯಬಲ್ಲುದು ಎನಿಸುತ್ತದೆ. ಇಲ್ಲಿಯೂ ಪ್ರಶ್ನೆ ಅದೇ. ಕಾರಿನ ಮುಂದಿನ ಬಾಡಿಗೆದಾರ ಯಾರೋ ಏನೋ. ಅವನ ಮುಖ ನಾವು ನೋಡಿಲ್ಲ.

ಈಗ ಹಳೆಯ ಕಾರುಗಳನ್ನು ಕೊಂಡು ಮಾರುವ ದೊಡ್ಡ ಕಂಪನಿಗಳು ಬಂದಿವೆ. ಅವರ ಪರೀಕ್ಷಕ ಮನೆಗೇ ಬಂದು ನೂರಾರು ಅಂಶಗಳ ಪಟ್ಟಿ ಹಿಡಿದು, ಬಾನೆಟ್ಟು ತೆರೆದು, ಚಿತ್ರ ತೆಗೆದು, ಬಣ್ಣದ ದಪ್ಪವನ್ನೂ ಅಳೆದುಕೊಂಡು ಹೋಗುತ್ತಾನೆ. ಕೊಳ್ಳುವವನ ಮುಖವನ್ನು ನೋಡಬೇಕಾಗಿಲ್ಲವೆಂದು ಮಾರುವವರಿಗೆ ಬಹಳ ನೆಮ್ಮದಿ. ನನ್ನ ಸಹೋದ್ಯೋಗಿಯೊಬ್ಬರು ಹೋದ ತಿಂಗಳು ಹೀಗೆಯೇ ಮಾರಿದರು. ಅವರ ಕಾರು ಚಳಿಗಾಲದ ಬೆಳಗ್ಗೆ ಮೂರು ಸಲ ಕೆಮ್ಮದೆ ಏಳುತ್ತಿರಲಿಲ್ಲ; ಪರೀಕ್ಷಕ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಕಾಫಿ ಹಂಚಿದರು. ನಾವೆಲ್ಲರೂ ಕುಡಿದೆವು.