ಬ್ರಾಗಾದ ದಂಗೆ, ಕಾಣಕೋಣದ ಪ್ರಜೆ

1926ರ ಮೇ 28ರಂದು ಪೋರ್ಚುಗಲ್ಲಿನ ಬ್ರಾಗಾ ನಗರದಲ್ಲಿ ಜನರಲ್ ಗೋಮೆಸ್ ದ ಕೋಸ್ತ ದಂಗೆಯೆದ್ದು ಲಿಸ್ಬನ್ನಿನತ್ತ ದಂಡು ಹೊರಡಿಸಿದ. ಮಳೆಗಾಲದ ಹೊಸ್ತಿಲಲ್ಲಿದ್ದ, ಪೋರ್ಚುಗೀಸರ ಕೈಕೆಳಗಿನ ಗೋವೆಯ ಕಾಣಕೋಣ ತಾಲೂಕಿನ ರೈತರಿಗೆ ಅವನ ಹೆಸರೂ ಗೊತ್ತಿರಲಿಕ್ಕಿಲ್ಲ. ಆದರೆ ಮುಂದಿನ 35 ವರ್ಷ ಅವರು ಏನು ಓದಬಹುದು, ಎಲ್ಲಿ ಸೇರಬಹುದು, ಏನು ಆಡಬಹುದು ಎಂಬುದಕ್ಕೆಲ್ಲ ಆ ದಂಗೆಯೇ ಕಾರಣವಾಯಿತು.

ಗೋಮೆಸ್ ದ ಕೋಸ್ತ ಹೇಡಿಯಲ್ಲ. ಆಫ್ರಿಕಾದ ವಸಾಹತುಗಳಲ್ಲಿ, ಭಾರತದಲ್ಲಿ ದುಡಿದವನು. ಮೊದಲ ಮಹಾಯುದ್ಧದಲ್ಲಿ, 1918ರ ಏಪ್ರಿಲ್‌ನಲ್ಲಿ ಲೀಸ್ ನದಿಯ ಬಳಿ ಜರ್ಮನ್ನರ ದಾಳಿಗೆ ನುಚ್ಚುನೂರಾದ ಪೋರ್ಚುಗೀಸ್ ಡಿವಿಜನ್ನಿಗೆ ಅವನೇ ದಂಡನಾಯಕ. ಅಂಥವನಿಗೆ ಲಿಸ್ಬನ್ನಿನ ರಾಜಕೀಯ ಕಂಡು ರೋಸಿಹೋದದ್ದು ಸಹಜ. 1910ರಲ್ಲಿ ಅರಸೊತ್ತಿಗೆ ಕಳೆದು ಗಣರಾಜ್ಯ ಬಂದಮೇಲೆ 16 ವರ್ಷದೊಳಗೆ 40ಕ್ಕೂ ಹೆಚ್ಚು ಸರಕಾರಗಳು ಬಂದುಹೋಗಿದ್ದವು. ಅವನು ಉರುಳಿಸಿದ ಸರಕಾರವೂ ಸಮರ್ಥವೇನಲ್ಲ. ಆದರೆ ಅದು 1925ರ ನವೆಂಬರಿನ ಚುನಾವಣೆಯಲ್ಲಿ ಗೆದ್ದ ಪಕ್ಷದ ಸರಕಾರ. ಕೆಟ್ಟದ್ದೆಂದರೆ ಮುಂದಿನ ಚುನಾವಣೆಯಲ್ಲಿ ಕಿತ್ತುಹಾಕಲು ಬರುತ್ತಿತ್ತು. ಕೋವಿ ಹಿಡಿದು ಬಂದವನನ್ನು ಯಾವ ಮತದಿಂದ ಇಳಿಸುವುದು?

ಅವನನ್ನು ಇಳಿಸಿದ್ದೂ ಕೋವಿಯೇ. ಜೂನ್ 17ರಂದು ತನ್ನ ಜೊತೆಗಾರ ಮೆಂದೆಸ್ ಕಬೆಸಾದಾಸನನ್ನು ನೂಕಿ ಅಧಿಕಾರ ಹಿಡಿದವನನ್ನು ಜುಲೈ 9ರಂದು ಬೇರೆ ಸೇನಾಧಿಕಾರಿಗಳು ನೂಕಿದರು. ಅಸೋರಿಸ್ ದ್ವೀಪಗಳಿಗೆ ಗಡೀಪಾರು ಮಾಡಿ, ಜೊತೆಗೆ ಮಾರ್ಷಲ್ ಪದವಿ ಕೊಟ್ಟರು. 1929ರಲ್ಲಿ ಅವನು ತೀರಿಕೊಂಡಾಗ, ಅವನು ತೆರೆದಿಟ್ಟ ಬಾಗಿಲಿನಿಂದ ಸಲಜಾರ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ಆಗಲೇ ಒಳಗೆ ಬಂದಾಗಿತ್ತು. ಸರ್ವಾಧಿಕಾರಿಯನ್ನು ತರಬೇಕೆಂದು ಜನರಲ್ ಹೊರಟಿರಲಿಲ್ಲ ಎಂದು ವಾದಿಸಬಹುದು. ನಾನು ಆ ವಾದವನ್ನು ಒಪ್ಪಲಾರೆ. ಜನ ಪ್ರಶ್ನಿಸುವ ದಾರಿಯನ್ನೇ ಮುಚ್ಚಿದವನು, ಆಮೇಲೆ ಬಂದವನಿಗೆ ನಾನು ಹೊಣೆಯಲ್ಲ ಎನ್ನುವಂತಿಲ್ಲ.

ಕಾಣಕೋಣ ಒಂದು ಕಾಲಕ್ಕೆ ನಮ್ಮ ಸೋದೆ ಅರಸರ ಸೀಮೆ. 18ನೆಯ ಶತಮಾನದಲ್ಲಿ ಪೋರ್ಚುಗೀಸರ ಕೈಸೇರಿತು. ಮಲ್ಲಿಕಾರ್ಜುನನ ಶ್ರೀಸ್ಥಳವೂ ಪರ್ತಗಾಳಿಯ ಮಠವೂ ಇರುವ ಈ ಹಿಂದೂ ಬಹುಸಂಖ್ಯಾತ ತಾಲೂಕಿಗೆ 1910ರ ಗಣರಾಜ್ಯ ಕಡಿಮೆಯ ಸಂಗತಿಯಲ್ಲ. ಚರ್ಚಿನ ಕೈಯಿಂದ ರಾಜ್ಯಾಡಳಿತ ಬಿಡುಗಡೆಯಾಯಿತು, ಹಿಂದೂಗಳಿಗೆ ಶಾಲೆ, ನೌಕರಿಗಳಲ್ಲಿ ಸಮಾನ ಹಕ್ಕು ಬಂತು, ಗೋವೆಯಲ್ಲಿ ಪತ್ರಿಕೆಗಳು ಬಾಯಿಬಿಟ್ಟವು. ಅದು ವಸಾಹತುಶಾಹಿಯನ್ನು ಬಿಟ್ಟುಕೊಡಲಿಲ್ಲ, ಮತದಾನವೂ ಅಕ್ಷರ ಬಲ್ಲ ಗಂಡಸರಿಗೆ ಮಾತ್ರ. ಆದರೂ ಅದು ಹಕ್ಕು ಕೇಳುವುದಕ್ಕೆ ಜಾಗವಿದ್ದ ಕಾಲ.

ದಂಗೆಯ ನಂತರ ಸಲಜಾರ್ ತಂದ 1930ರ ವಸಾಹತು ಕಾಯ್ದೆ ಆ ಜಾಗವನ್ನೂ ಕಸಿಯಿತು. ಚಾಂದೋರಿನ ವಿಚಾರವಾದಿ ಲುಯಿಸ್ ದ ಮೆನೆಜೆಸ್ ಬ್ರಾಗಾಂಸ ಗೋವೆಯ ಶಾಸನಸಭೆಯಲ್ಲೇ ಎದ್ದು ನಿಂತು ಅದನ್ನು ವಿರೋಧಿಸಿದರು. ದೇವರ ಹೆಸರಿನ ಅಧಿಕಾರವನ್ನು ಪ್ರಶ್ನಿಸಿದಷ್ಟೇ ಸ್ಪಷ್ಟವಾಗಿ ಖಡ್ಗದ ಅಧಿಕಾರವನ್ನೂ ಪ್ರಶ್ನಿಸಿದ ಅವರು ನನಗೆ ಆ ಕಾಲದ ದೊಡ್ಡ ಮನುಷ್ಯರಾಗಿ ಕಾಣುತ್ತಾರೆ. ಮುಂದೆ ಮದುವೆಯ ಕರೆಯೋಲೆ ಅಚ್ಚು ಹಾಕಿಸುವುದಕ್ಕೂ ಸರಕಾರದ ಒಪ್ಪಿಗೆ ಬೇಕಾಯಿತು. 1946ರಲ್ಲಿ ಗೋವೆಯ ಸ್ವಾತಂತ್ರ್ಯ ಹೋರಾಟಗಾರ ತ್ರಿಸ್ತಾಂವ್ ದ ಬ್ರಾಗಾಂಸ ಕುನ್ಹಾ ಅವರಿಗೆ ಎಂಟು ವರ್ಷ ಸೆರೆವಾಸ ವಿಧಿಸಿದ್ದು ಮಿಲಿಟರಿ ನ್ಯಾಯಮಂಡಲಿ. ಆಯುಧವನ್ನೇ ಹಿಡಿಯದ ಒಬ್ಬ ನಾಗರಿಕನನ್ನು ಸಿಪಾಯಿಗಳು ಕೂತು ವಿಚಾರಿಸಿದರು.

ಸಿಪಾಯಿಯಾದವನಿಗೆ ಬೇರೆ ದಾರಿಯೇ ಇಲ್ಲವೆ? ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರಿಗೆ 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರ ಮೇಲೆ ತಡೆಯಲಾರದ ಸಿಟ್ಟಿತ್ತು. ಹಿಂದಿನ ವರ್ಷವಷ್ಟೇ ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಅಧಿಕಾರ ಕಿತ್ತುಕೊಂಡಿದ್ದ. ತಿಮ್ಮಯ್ಯನವರು ರಾಜೀನಾಮೆ ಬರೆದು ಕೊಟ್ಟರು. ನೆಹರೂ ಹೇಳಿದ ಮೇಲೆ ಹಿಂತೆಗೆದುಕೊಂಡರು. ಅವರಿಗೆ ಅವಮಾನವಾಯಿತು, ದೇಶಕ್ಕೆ ಹಾನಿಯಾಗಲಿಲ್ಲ.

ಗೋವೆಯಲ್ಲೇ ಇನ್ನೊಬ್ಬ ಜನರಲ್ ಇದ್ದ, ವಾಸ್ಸಾಲು ಇ ಸಿಲ್ವ, ಕೊನೆಯ ಗವರ್ನರ್ ಜನರಲ್. 1961ರ ಡಿಸೆಂಬರಿನಲ್ಲಿ, ಗೋವೆಯ ವಿಮೋಚನೆಗೆ ಭಾರತದ ಸೇನೆ ಸಜ್ಜಾಗಿದ್ದಾಗ, ಸಲಜಾರನಿಂದ ಅವನಿಗೆ ಬಂದ ಆದೇಶ, ಗೆಲ್ಲಿ ಇಲ್ಲವೆ ಸಾಯಿರಿ, ಸೆರೆ ಸಿಗಬೇಡಿ ಎಂಬುದು. ಕಾರವಾರದೆದುರಿನ ಅಂಜುದೀವ್ ದ್ವೀಪದಲ್ಲಿ ಡಿಸೆಂಬರ್ 18ರಂದು ಭಾರತದ ಏಳು ನಾವಿಕರು ಪ್ರಾಣ ತೆತ್ತರು. ಅಂಥ ಸಾವು ಗೋವೆಯ ಊರೂರಲ್ಲೂ ಆಗಬೇಕೆಂಬುದೇ ಆ ಆದೇಶದ ಅರ್ಥ. ವಾಸ್ಸಾಲು ಮರುದಿನ ಶರಣಾದ. ಅವನ ಕೈಕೆಳಗಿನ ಮೂರು ಸಾವಿರಕ್ಕೂ ಹೆಚ್ಚು ಸೈನಿಕರಲ್ಲಿ ಬಹುತೇಕರು ಬದುಕಿದರು, ಊರುಗಳೂ ಉಳಿದವು.

ಪೋರ್ಚುಗಲ್ ಅವನನ್ನು ಸೇನೆಯಿಂದ ಹೊರಹಾಕಿತು. ಜನರ ಸರಕಾರವನ್ನು ಉರುಳಿಸಿದವನು ಮಾರ್ಷಲ್, ಜನರ ಪ್ರಾಣ ಉಳಿಸಿದವನು ದ್ರೋಹಿ. 1974ರಲ್ಲಿ ಸರ್ವಾಧಿಕಾರ ಕುಸಿದ ಮೇಲೆಯೇ ವಾಸ್ಸಾಲುವಿಗೆ ಪದವಿ ಮರಳಿತು.

ಕಾಣಕೋಣದ ಮಕ್ಕಳು ಪ್ರತಿ ವರ್ಷ ಡಿಸೆಂಬರ್ 19ರಂದು ವಿಮೋಚನಾ ದಿನ ಆಚರಿಸುತ್ತಾರೆ. ಅವರ ಪಾಠದಲ್ಲಿ 1961ರ ಜೊತೆಗೆ 1926 ಕೂಡ ಇರಬೇಕೆಂಬುದು ನನ್ನ ಬಯಕೆ. ಹೊರಗಿನ ಆಳ್ವಿಕೆ ಹೇಗೆ ಕೊನೆಗೊಂಡಿತೆಂದು ತಿಳಿದ ಮಕ್ಕಳಿಗೆ, ಸರಕಾರದಿಂದ ಬೇಸತ್ತ ಜನ ಸೇನಾನಿಯನ್ನು ಜಯಕಾರದಿಂದ ಬರಮಾಡಿಕೊಂಡ ದಿನವೂ ತಿಳಿಯಲಿ.