ಮನೆಯಲ್ಲೇ ಮಾಡಿದ್ದು ಅಂದ್ರೆ, ಮಾಡಿದ್ದು ಯಾರು?

ದೋಸೆ ಹಿಟ್ಟನ್ನ ಅಂಗಡಿಯಿಂದ ತರೋದು ಸೋಮಾರಿತನವಾ? ನಮ್ಮ ಬಾಗಲಗುಂಟೆಯ ಮನೆಗಳಲ್ಲಿ ಈ ಪ್ರಶ್ನೆ ಆಗಾಗ ಏಳುತ್ತೆ. ಊರಿಂದ ಬಂದ ಹಿರಿಯರು ಫ್ರಿಜ್ಜಲ್ಲಿ ಪ್ಯಾಕೆಟ್ ಕಂಡು, "ಇದನ್ನೂ ದುಡ್ಡು ಕೊಟ್ಟು ತರ್ತೀರಾ?" ಅಂತಾರೆ. ಆಫೀಸಿನ ಗೆಳೆಯರು, "ನಮ್ಮಲ್ಲಿ ಎಲ್ಲಾ ಮನೆಯಲ್ಲೇ ಮಾಡಿದ್ದಪ್ಪ" ಅಂತ ಬೀಗ್ತಾರೆ. ರುಚಿಯ ಮಾತಾಗಿದ್ದದ್ದು ಯಾವಾಗಲೋ ನೀತಿಯ ಮಾತಾಗಿಬಿಟ್ಟಿದೆ.

ಮೊದಲಿಂದ ಮಾಡೋದು ಅಂದ್ರೆ ಎಲ್ಲಿಂದ? ನಾನು ಹಳ್ಳಿಯಲ್ಲಿ ಬೆಳೆದವನು. ನಮ್ಮಜ್ಜಿ ಕಾಲದಲ್ಲಿ ಭತ್ತವನ್ನ ಒನಕೆಯಲ್ಲಿ ಕುಟ್ಟುತ್ತಿದ್ದರು. ಗಿರಣಿ ಬಂತು, ಒನಕೆ ಮೂಲೆ ಸೇರಿತು. ಒರಳುಕಲ್ಲಿನ ಜಾಗಕ್ಕೆ ಗ್ರೈಂಡರ್ ಬಂತು. 2005ರಲ್ಲಿ ಬೆಂಗಳೂರಲ್ಲೇ ಐಡಿ ಫ್ರೆಶ್ ಶುರುವಾಗಿ, ರುಬ್ಬಿದ ಹಿಟ್ಟೇ ಪ್ಯಾಕೆಟಲ್ಲಿ ಸಿಗತೊಡಗಿತು. ದೋಸೆ ಕೂಡ ಒಂದೇ ಥರ ಉಳಿದಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಬರುವ 'ಧೋಸಕ' ಬೇಳೆಯದ್ದು, ಅದರಲ್ಲಿ ಅಕ್ಕಿಯೇ ಇಲ್ಲ. ಹೀಗಿರುವಾಗ "ಇಲ್ಲಿವರೆಗೆ ಅನುಕೂಲ, ಇಲ್ಲಿಂದಾಚೆ ಸೋಮಾರಿತನ" ಅನ್ನೋ ಗೆರೆ ಎಳೆಯೋರು ಯಾರು? ಹೆಚ್ಚಿನ ಸಲ, ರುಬ್ಬದೇ ಇರೋರು.

ಹಾಗಂತ ಮನೆ ಹಿಟ್ಟಿಗೆ ಬೆಲೆ ಇಲ್ಲ ಅಂತಲ್ಲ. ನಾನೂ ರುಬ್ತೀನಿ. 3 ಲೋಟ ಅಕ್ಕಿ, 1 ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ನೆನೆಯೋಕೆ ಐದಾರು ಗಂಟೆ, ಹುಳಿ ಬರೋಕೆ ಒಂದು ರಾತ್ರಿ, ಡಿಸೆಂಬರ್ ಚಳಿಯಲ್ಲಿ ಇನ್ನೂ ಜಾಸ್ತಿ. ಬೇರೆ ಈಸ್ಟ್ ಬೇಕಿಲ್ಲ, ಬೇಳೆ ಅಕ್ಕಿಯ ಜೊತೆ ಬಂದ ಬ್ಯಾಕ್ಟೀರಿಯಾಗಳೇ ಹಿಟ್ಟನ್ನ ಉಬ್ಬಿಸುತ್ತವೆ. ಬೆಳಗ್ಗೆ ಮುಚ್ಚಳ ತೆಗೆದಾಗ ಆಗೋ ಖುಷಿನ ಪ್ಯಾಕೆಟ್ ಕೊಡಲ್ಲ.

ಆದರೆ ನನ್ನ ಖುಷಿಗೆ ಒಂದು ಕಾರಣ ಇದೆ. ನಾನು ವರ್ಕ್ ಫ್ರಮ್ ಹೋಮ್ ದಿನ, ಎರಡು ಮೀಟಿಂಗಿನ ಮಧ್ಯೆ ರುಬ್ಬೋನು. ಈ ವಾರ ಬೇಡ ಅನಿಸಿದರೆ ಬಿಡ್ತೀನಿ. ಯಾರೂ ಏನೂ ಅನ್ನಲ್ಲ. ನಮ್ಮ ಬೀದಿಯಿಂದ ಬೆಳಗಾಗುತ್ತಲೇ ಪೀಣ್ಯದ ಗಾರ್ಮೆಂಟ್ಸಿಗೆ ಹೊರಡೋ ಹೆಂಗಸರನ್ನ ನೋಡಿ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತು, ಆದರೆ ಅದು ಗೇಟಿನ ಒಳಗಿನ ಲೆಕ್ಕ. ಸಂಜೆ ಮನೆಗೆ ಬಂದು ಉದ್ದು ತೊಳೆಯೋದಕ್ಕೆ ಮಿತಿ ಹಾಕೋರಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಆ ಕೆಲಸ ಮಾಡೋ ಗಂಡಸರ ಲೆಕ್ಕ ಅದು, ಮಾಡದವರದ್ದಲ್ಲ!

ಅದೇ ಅಕ್ಕಿ, ಅದೇ ಗ್ರೈಂಡರ್. ನನಗೆ ಹವ್ಯಾಸ, ಅವರಿಗೆ ಎರಡನೇ ಶಿಫ್ಟ್. ವ್ಯತ್ಯಾಸ ಇರೋದು ಹಿಟ್ಟಲ್ಲಲ್ಲ, "ಇವತ್ತು ಆಗಲ್ಲ" ಅನ್ನೋ ಸ್ವಾತಂತ್ರ್ಯದಲ್ಲಿ. ಬೇಡ ಅನ್ನೋಕೆ ಅವಕಾಶವೇ ಇಲ್ಲದವರ ದುಡಿಮೆಯನ್ನ ಪ್ರೀತಿ, ಸಂಸ್ಕೃತಿ ಅಂತ ಹೊಗಳೋದು ಸುಲಭ. ಹೊಗಳಿಕೆಗೆ ಖರ್ಚಿಲ್ಲ ನೋಡಿ.

ನಮ್ಮ ಭಾಷೆಯಲ್ಲೇ ಒಂದು ತಮಾಷೆ ಇದೆ. "ಮನೆಯಲ್ಲೇ ಮಾಡಿದ್ದು" ಅಂತೀವಿ. ಎಲ್ಲಿ ಅಂತ ಹೇಳಿದ್ವಿ, ಯಾರು ಅಂತ ಹೇಳಲಿಲ್ಲ. ಆ ವಾಕ್ಯಕ್ಕೆ ಕರ್ತೃವೇ ಇಲ್ಲ. ಮನೆ ತಾನಾಗೇ ರುಬ್ಬಿತೇನೋ ಅನ್ನೋ ಹಾಗೆ!

ಎಲ್ಲವನ್ನೂ ಕೊಂಡು ತಂದರೆ ಮನೆ ಹೋಟೆಲಾಗಲ್ವಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಒಬ್ಬರೇ ಅಡುಗೆಮನೆಯಲ್ಲಿ, ಉಳಿದವರೆಲ್ಲ ಟೇಬಲ್ ಮುಂದೆ ಇರೋ ಮನೆ ಈಗಾಗಲೇ ಹೋಟೆಲೇ, ಬಿಲ್ ಮಾತ್ರ ಇಲ್ಲ. ಮನೆ ಮನೆಯಾಗಿ ಉಳಿಯೋದು ಕೆಲಸ ಹಂಚಿಕೊಂಡಾಗ.

ಮನೆಯಲ್ಲೇ ಮಾಡಿದ್ದು ಬೇಕು ಅನ್ನೋರು ಮಾಡಲಿ, ಬೇಡ ಅನ್ನೋರು ಪ್ಯಾಕೆಟ್ ತರಲಿ. ಮಾಡ್ತೀನಿ ಅನ್ನೋರು ಉದ್ದು ನೆನೆಹಾಕಿ ಫೋಟೋ ಹಾಕಿದರೆ ಸಾಲದು. ರುಬ್ಬಿದ ಮೇಲೆ ಕಲ್ಲಿಗೆ ಅಂಟಿದ ಹಿಟ್ಟು ಒಣಗೋ ಮುಂಚೆ ಗ್ರೈಂಡರನ್ನೂ ತೊಳೆದಿಡಿ.