ಪಂಡಿತನ ಋಣ

ಕಾಡಿನಲ್ಲಿ ಬಾಳುವವನಿಂದ ಅರಿವನ್ನು ಪಡೆದು ಅದನ್ನು ಶಾಸ್ತ್ರವನ್ನಾಗಿ ಬರೆದ ಪಂಡಿತನು ಆತನಿಗೆ ಎಂತಹ ಋಣಿಯೆಂಬುದು ನಮ್ಮ ಕೊಡಗಿನಂತಹ ನಾಡಿನಲ್ಲಿ ಬರಿಯ ತರ್ಕದ ಪ್ರಶ್ನೆಯಲ್ಲ. ಮಾಧವ ಗಾಡ್ಗೀಳರ ಕಾರ್ಯವನ್ನು ನೋಡಿದರೆ ಇದರ ತೊಡಕು ತಿಳಿಯುತ್ತದೆ. 1942ರಲ್ಲಿ ಪುಣೆಯಲ್ಲಿ ಜನಿಸಿ, ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿ, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ಇವರಿಗೆ ಕೆಲಕಾಲದಲ್ಲಿಯೇ ಸರಕಾರವು ಬಿದಿರಿನ ಪರೀಕ್ಷೆಯನ್ನು ವಹಿಸಿತು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿದ್ದ ಬಿದಿರಿಗೆ, ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಅದರ ಎಷ್ಟೋ ಪಾಲು ಬೆಲೆ ತೆರಬೇಕಾಗಿದ್ದಿತು. ಆದರೂ ಬಿದಿರು ಕ್ಷೀಣಿಸಿತೆಂಬ ಅಪವಾದವು ಹಳ್ಳಿಗರ ತಲೆಗೇ ಬಂದಿತು! ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಹುಲುಸಾಗುವುದೆಂದು ಇಲಾಖೆಯವರ ಮತ. ಸವರಿದರೆ ದನವೂ ಮೃಗವೂ ಕಳಲೆಯನ್ನು ಮೇಯ್ದುಬಿಡುವುವೆಂದು ಹಳ್ಳಿಗರ ಮಾತು. ಅಳೆದು ನೋಡಲಾಗಿ ಹಳ್ಳಿಗರ ಮಾತೇ ದಿಟವಾಯಿತು. ಅಳೆಯುವ ಮುಂಚೆಯೂ ಅದು ದಿಟವೇ ಆಗಿದ್ದಿತು. ಪ್ರೊಫೆಸರರ ಬಾಯಿಂದ ಬಂದ ಮೇಲೆ ಮಾತ್ರ ಅದಕ್ಕೆ ಮಾನ್ಯತೆ ದೊರೆಯಿತು. ನನಗೆ ಇದರಲ್ಲಿ ಸಂತೋಷಕ್ಕಿಂತ ಸಂಕೋಚವೇ ಹೆಚ್ಚು.

ಇವರ ಅಧ್ಯಕ್ಷತೆಯ ಪಶ್ಚಿಮಘಟ್ಟ ಸಮಿತಿಯು 2011ರಲ್ಲಿ ವರದಿಯನ್ನೊಪ್ಪಿಸಿ, ಮೂರು ತರದ ಸೂಕ್ಷ್ಮವಲಯಗಳನ್ನು ಸೂಚಿಸಿ, ಗ್ರಾಮಸಭೆಗಳನ್ನು ಕೇಳಿಯೇ ಮುಂದುವರಿಯಬೇಕೆಂದಿತು. ಕೊಡಗಿನಲ್ಲಿ ಇಂತಹ ವಲಯಗಳ ಮಾತಿಗೇ ಪ್ರಬಲವಾದ ವಿರೋಧವುಂಟಾಯಿತು. ಜನರನ್ನು ಕೇಳಿರೆಂದವನು ಜನರ ‘ಬೇಡ’ವನ್ನೂ ತಾಳಿಕೊಳ್ಳಬೇಕೆಂಬುದು ನ್ಯಾಯವೇ ಸರಿ. ಆದರೆ ಜನರೆಂದರೆ ಯಾರು? ತೋಟದ ಲೈನುಮನೆಯಲ್ಲಿರುವ ಯರವನು, ಧಣಿಗಳು ಕುಳಿತ ಸಭೆಯಲ್ಲಿ ಎದ್ದು ಅವರಿಗೆ ವಿರುದ್ಧವಾಗಿ ನುಡಿದಾನೆಯೆ? ಅವನ ಮೌನವನ್ನು ಸಮ್ಮತಿಯೆಂದು ಎಣಿಸಿದ ಗ್ರಾಮಸಭೆಯು ಹೆಸರಿಗೆ ಮಾತ್ರ ಗ್ರಾಮದ್ದು. ಹಾಗೆಂದು ಅವನ ಪರವಾಗಿ ಪಂಡಿತನೇ ಮಾತನಾಡಿಬಿಟ್ಟರೆ ಬಿದಿರಿನ ಕಥೆಯೇ ಮರಳಿ ಬಂದಂತಾಯಿತು.

2006ರ ಅರಣ್ಯಹಕ್ಕುಗಳ ಕಾಯಿದೆಯು ಇಲ್ಲಿ ಒಂದು ದಾರಿಯನ್ನು ತೆರೆದಿದೆ. ಹಕ್ಕಿನ ವಿಚಾರದಲ್ಲಿ ಹಾಡಿಯ ಜನರೇ ಸಭೆ ಸೇರಬಹುದು. 2008ರ ನಿಯಮಗಳ ಪ್ರಕಾರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪ್ರಮಾಣ. ಹಳೆಯ ಬಾವಿ, ಸಮಾಧಿ, ದೇವರ ಸ್ಥಾನಗಳೂ ಪ್ರಮಾಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯದ ಹಕ್ಕನ್ನು ಪಡೆದುದು ಈ ಕಾಯಿದೆಯಿಂದಲೇ. 2025ರ ಮೇ ತಿಂಗಳಿನಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿನ ತಮ್ಮ ಹಳೆಯ ನೆಲೆಗೆ ಮರಳಿ ಬಂದಾಗಲೂ ಮುಂದಿಟ್ಟುದು ಇದೇ ಕಾಯಿದೆಯನ್ನೇ. ಅಂತಹ ಹಾಡಿಯ ಮುದುಕನೊಬ್ಬನು ಕೈತೋರಿದ ಸಮಾಧಿಯನ್ನು ನಕಾಶೆಯ ಮೇಲೆ ಗುರುತಿಸಿ, ಅವನ ಹೇಳಿಕೆಯನ್ನು ಅವನ ಹೆಸರಿನಲ್ಲಿಯೇ ಬರೆದುಕೊಟ್ಟು ಹಿಂದೆ ಸರಿದು ನಿಲ್ಲುವಷ್ಟು ಕೆಲಸವು ಪಂಡಿತನಿಗೆ ಇನ್ನೂ ಉಳಿದಿದೆ.